ಹನ್ನೊಂದನೇ ಅಧ್ಯಾಯ ಹಾರಿಸಬೇಡಿ

ಆಸ್ಕರ್ ವೈಲ್ಡ್‌ನ ಕಾದಂಬರಿ ‘ದಿ ಪಿಕ್ಚರ್ ಆಫ್ ಡೋರಿಯನ್ ಗ್ರೇ’ಯ ಹನ್ನೊಂದನೇ ಅಧ್ಯಾಯದಲ್ಲಿ ಬರೀ ಅತ್ತರು, ಹರಳು, ಕಸೂತಿಗಳ ಪಟ್ಟಿ, ಬಿಟ್ಟು ಮುಂದೆ ಹೋಗಲಾ ಅಂತ ಕೇಳಿದ್ದೀರಿ. ದಯವಿಟ್ಟು ಬಿಡಬೇಡಿ. ಎರಡು ದಿನ ಹಿಡಿದರೂ ಪರವಾಗಿಲ್ಲ.

ಆ ಒಂದೇ ಅಧ್ಯಾಯದಲ್ಲಿ ವರ್ಷಗಟ್ಟಲೆ ಕಾಲ ಸರಿದುಹೋಗುತ್ತದೆ. ಮುಂದಿನದು ಶುರುವಾಗುವುದೇ ಡೋರಿಯನ್‌ಗೆ 38 ತುಂಬುವ ಹಿಂದಿನ ರಾತ್ರಿ. ಒಂದನ್ನು ಕೂಡಿಡುತ್ತಾನೆ, ಸಾಕಾಗುತ್ತದೆ, ಇನ್ನೊಂದಕ್ಕೆ ಕೈ ಹಾಕುತ್ತಾನೆ. ನಿಮಗೆ ಆಗುತ್ತಿರುವ ಬೇಸರ ಅವನದ್ದೇ ಅಲ್ವಾ?

ಅದಕ್ಕೂ ಮುಂಚೆ ಏಳನೆಯದರ ಕೊನೆಯನ್ನು ಇನ್ನೊಮ್ಮೆ ಓದಿ. ತನ್ನನ್ನು ಪ್ರೀತಿಸಿದ ನಟಿ ಸಿಬಿಲ್‌ಳನ್ನು ನೋಯಿಸಿ ಬೆಳಗಿನ ಜಾವ ಮನೆಗೆ ಬರುತ್ತಾನೆ. ಅಲ್ಲಿ ಅವನದೇ ಭಾವಚಿತ್ರ, ಅವನ ಮುಖದ ಬದಲು ಬದಲಾಗುವುದು ಅದೇ. ಅದರ ಬಾಯಿಯ ಹತ್ತಿರ ಕ್ರೌರ್ಯದ ಛಾಯೆ. ಗಾಬರಿಯಾಗಿ, ದಂತದ ಚೌಕಟ್ಟಿನ ಕನ್ನಡಿ ಎತ್ತಿ ತನ್ನ ತುಟಿ ನೋಡಿಕೊಳ್ಳುತ್ತಾನೆ. ಅಲ್ಲಿ ಏನೂ ಇಲ್ಲ. ಹನ್ನೊಂದರಲ್ಲೂ ಕನ್ನಡಿ ಹಿಡಿದು ಅದೇ ಚಿತ್ರದ ಮುಂದೆ ನಿಲ್ಲುತ್ತಾನೆ. ಈಗ ಗಾಬರಿ ಇಲ್ಲ. ಎರಡೂ ಮುಖ ಹೋಲಿಸಿ ಖುಷಿಪಡುತ್ತಾನೆ! ನನಗೆ ಮೈ ಜುಮ್ಮೆಂದದ್ದು ಅಲ್ಲೇ.

ನಿಮ್ಮದು 20 ಅಧ್ಯಾಯಗಳ 1891ರ ಪುಸ್ತಕವೇ ಇರಬೇಕು. 1890ರಲ್ಲಿ ಪತ್ರಿಕೆಯಲ್ಲಿ ಬಂದಾಗ 13 ಅಧ್ಯಾಯ ಇದ್ದವು, ಸಿಬಿಲ್‌ಳ ತಮ್ಮ ಜೇಮ್ಸ್ ಇರಲೇ ಇಲ್ಲ. ಹನ್ನೊಂದು ದಾಟಿದರೆ ಅವನು ಮತ್ತೆ ಸಿಗುತ್ತಾನೆ.