ಮೂರು ಗಂಟೆಯ ಕೂಟಕ್ಕೆ ಎಷ್ಟು ಪದ್ಯ?
(ಯಕ್ಷಗಾನ, ತಾಳಮದ್ದಳೆಯ ಬಗ್ಗೆ ಓದುಗರ ಪ್ರಶ್ನೆಗಳಿಗೆ ಉತ್ತರ)

ಪ್ರಶ್ನೆ: ಪತ್ತನಾಜೆ (ಮೇ ಕೊನೆಗೆ ಬರುವ ತುಳುನಾಡಿನ ಆಚರಣೆಯ ದಿನ) ಕಳೆದ ಮೇಲೆ ಯಕ್ಷಗಾನ ಮೇಳಗಳ ತಿರುಗಾಟ ಇರುವುದಿಲ್ಲ. ಆಷಾಢದಲ್ಲಿ ನಮ್ಮ ಯುವಕ ಮಂಡಲದಿಂದ ‘ವಾಲಿ ಮೋಕ್ಷ’ ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಹಾಡು–ಮಾತಿನಲ್ಲೇ ನಡೆಯುವ ಕೂಟ) ಇಟ್ಟುಕೊಂಡಿದ್ದೇವೆ, ಸಂಜೆ 6ರಿಂದ 9. ಕಳೆದ ವರ್ಷ ವಾಲಿ ಬೀಳುವಾಗಲೇ ಒಂಬತ್ತಾಗಿತ್ತು. ರಾಮನ ಉತ್ತರ ಕೇಳಲು ಸಮಯವೇ ಉಳಿಯಲಿಲ್ಲ. ಎಲ್ಲಿ ತಪ್ಪಿದೆವು? – ಸುಳ್ಯ ತಾಲೂಕಿನ ಓದುಗರು

ಉತ್ತರ: ಪದ್ಯಗಳ ಆಯ್ಕೆಯಲ್ಲಿ ತಪ್ಪಿದ್ದೀರಿ. ಈ ಪ್ರಸಂಗಕ್ಕೆ ಜನ ಬರುವುದೇ ಬಿದ್ದ ವಾಲಿ ‘ಮರೆಯಲ್ಲಿ ನಿಂತು ಬಾಣ ಬಿಟ್ಟದ್ದೇಕೆ’ ಎಂದು ರಾಮನನ್ನು ಕೇಳುವ ಆ ಸಂವಾದಕ್ಕಾಗಿ. ಹಾಗಾಗಿ ಲೆಕ್ಕವನ್ನು ಕೊನೆಯಿಂದ ಹಾಕಿ.

ಒಟ್ಟು 180 ನಿಮಿಷ. ಗಣಪತಿ ಸ್ತುತಿ, ಕಲಾವಿದರ ಪರಿಚಯ, ಮಂಗಳ ಎಲ್ಲ ಸೇರಿ 20 ನಿಮಿಷ ಹೋಗುತ್ತದೆ. ಸುಗ್ರೀವ ಮತ್ತು ವಾಲಿಯ ಪೀಠಿಕೆಗೆ (ಪಾತ್ರದ ಆರಂಭದ ಮಾತಿಗೆ) ತಲಾ 15 ತೆಗೆದಿಡಿ. ಉಳಿಯುವುದು 130. ಒಂದು ಪದ್ಯ ಹಾಡಲು 3 ನಿಮಿಷ, ಅದರ ಅರ್ಥ ಮತ್ತು ಸಂವಾದಕ್ಕೆ 5 ಎಂದರೂ 16 ಪದ್ಯಕ್ಕಿಂತ ಹೆಚ್ಚು ಹಿಡಿಸುವುದಿಲ್ಲ. ಇದರಲ್ಲಿ 6 ಪದ್ಯಗಳನ್ನು ವಾಲಿ ಬಿದ್ದ ನಂತರದ ಭಾಗಕ್ಕೆ ಮೊದಲೇ ಮೀಸಲಿಡಿ. ತಾರೆ ವಾಲಿಯನ್ನು ತಡೆಯುವ ಸಂದರ್ಭಕ್ಕೆ 4. ಸುಗ್ರೀವ–ರಾಮರ ಸಖ್ಯಕ್ಕೂ ಯುದ್ಧದ ಕರೆಗೂ ಮೂರು ಮೂರು ಸಾಕು. ಉಳಿದ ಪದ್ಯ ಎಷ್ಟೇ ಚೆನ್ನಾಗಿದ್ದರೂ ಕೈಬಿಡಲೇಬೇಕು. ಪ್ರಸಂಗಕರ್ತ ಪಾರ್ತಿಸುಬ್ಬ ಬರೆದದ್ದು ಇಡೀ ರಾತ್ರಿಯ ಆಟಕ್ಕೆ, ಮೂರು ಗಂಟೆಯ ಕೂಟಕ್ಕಲ್ಲ.

ಆಯ್ದ ಪದ್ಯಗಳ ಜೆರಾಕ್ಸ್ ಪ್ರತಿಯನ್ನು 15 ದಿನ ಮೊದಲೇ ಪದ್ಯ ಹಾಡುವ ಭಾಗವತರಿಗೂ ಪಾತ್ರವಾಗಿ ಅರ್ಥ ಹೇಳುವ ಎಲ್ಲ ಅರ್ಥಧಾರಿಗಳಿಗೂ ಮುಟ್ಟಿಸಿ. ಹೊಸ ಅರ್ಥಧಾರಿಗಳು ಸಾಮಾನ್ಯವಾಗಿ ಎಡವುವುದು ಇಲ್ಲೇ: ಮುಂದಿನ ಪದ್ಯದಲ್ಲಿ ಏನಿದೆಯೆಂದು ಗೊತ್ತಿಲ್ಲದೆ ಅದರ ವಿಷಯವನ್ನೆಲ್ಲ ಈಗಲೇ ಹೇಳಿ ಮುಗಿಸುತ್ತಾರೆ. ಆಮೇಲೆ ಆ ಪದ್ಯ ಬಂದಾಗ ಮಾತಿಲ್ಲ, ಹೇಳಿದ್ದನ್ನೇ ಹೇಳುವುದು. ಅರ್ಥ ಪದ್ಯದಿಂದ ಹುಟ್ಟಿ, ಮುಂದಿನ ಪದ್ಯದ ಬಾಗಿಲಲ್ಲಿ ನಿಲ್ಲಬೇಕು. ಮಾತು ಉದ್ದವಾದರೆ ಭಾಗವತರು ಶ್ರುತಿ ಹಿಡಿದು ಮುಂದಿನ ಪದ್ಯದ ಎತ್ತುಗಡೆ ಮಾಡಲಿ. ಅದು ಅವರ ಅಧಿಕಾರ, ಯಾರೂ ಅವಮಾನವೆಂದು ತಿಳಿಯಬಾರದು. ಈ ಮಾತನ್ನು ಕೂಟದ ಮೊದಲೇ ಎಲ್ಲರ ಎದುರು ಆಡಿಬಿಡಿ.

ಹಿಮ್ಮೇಳ (ಭಾಗವತರು, ಮದ್ದಳೆ, ಚಂಡೆ) ಹಿಂದೆ ನಡುವಿನಲ್ಲಿ ಇರಲಿ, ಅರ್ಥಧಾರಿಗಳು ಎರಡು ಬದಿಯಲ್ಲಿ ಎದುರುಬದುರು. ವಾಲಿ ಮತ್ತು ರಾಮ ಒಂದೇ ಸಾಲಿನಲ್ಲಿ ಕುಳಿತರೆ ಸಂವಾದ ಕಾವೇರುವುದಿಲ್ಲ, ಇಬ್ಬರೂ ಸಭೆಗೆ ಭಾಷಣ ಮಾಡುತ್ತಾರೆ. ಚಾವಡಿಯಲ್ಲಾದರೆ ಚಂಡೆಗೆ ಮೈಕ್ ಬೇಡವೇ ಬೇಡ. ಸ್ಪೀಕರ್ ಬಾಕ್ಸ್‌ಗಳು ಮೈಕುಗಳಿಗಿಂತ ಮುಂದೆ, ಸಭೆಯ ಕಡೆ ಮುಖ ಮಾಡಿರಲಿ. ಹಿಂದೆ ಇಟ್ಟರೆ ಮೈಕ್ ಕೂಗುತ್ತದೆ. ಇನ್ನೊಂದು ಮಾತು, ತಗಡಿನ ಶೀಟಿನ ಅಡಿಯಲ್ಲಿ ಮಾತ್ರ ಕೂಟ ಇಡಬೇಡಿ. ಆಷಾಢದ ಮಳೆ ಒಮ್ಮೆ ಸುರಿದರೆ ಯಾವ ಮೈಕೂ ಅರ್ಥವನ್ನು ಉಳಿಸಲಾರದು. ಹಂಚಿನ ಮಾಡಿನ ಚಾವಡಿ ಸಣ್ಣದಾದರೂ ಅದೇ ಒಳ್ಳೆಯದು.

ಪ್ರಶ್ನೆ: ಮಳೆಗಾಲದಲ್ಲಿ ಮದ್ದಳೆ ಶ್ರುತಿಗೆ ನಿಲ್ಲುವುದಿಲ್ಲ. ಬೆಂಕಿಗೆ ಹಿಡಿಯಬಹುದೇ? – ಕುಂದಾಪುರ

ಉತ್ತರ: ಬೇಡ. ತೇವ ಹೀರಿದ ಚರ್ಮ ಸಡಿಲವಾಗುತ್ತದೆ, ಶ್ರುತಿ ಇಳಿಯುತ್ತದೆ. ಬೆಂಕಿಗೆ ಹಿಡಿದರೆ ತಕ್ಷಣ ಏರುವುದು ನಿಜ. ಆದರೆ ಬಲಬದಿಯ ಚರ್ಮದ ನಡುವಿನ ಕಪ್ಪು ಕರಣೆ ಕಬ್ಬಿಣದ ಕಿಟ್ಟದ ಹುಡಿ ಮತ್ತು ಅನ್ನವನ್ನು ಅರೆದು ಪದರಪದರವಾಗಿ ಕೂರಿಸಿದ್ದು. ಚರ್ಮ ಬೇಗ ಒಣಗಿ ಎಳೆದುಕೊಂಡಾಗ ಅದು ಬಿರುಕು ಬಿಡುತ್ತದೆ. ಬಿರುಕು ಬಿಟ್ಟ ಕರಣೆಯಿಂದ ನಾದ ಹೊರಡದು, ಜರ್ ಎನ್ನುತ್ತದೆ. ಕೂಟಕ್ಕೆ ಎರಡು ಗಂಟೆ ಮೊದಲೇ ಮದ್ದಳೆಯನ್ನು ಚೀಲದಿಂದ ತೆಗೆದು ಬೆಚ್ಚಗಿನ, ಗಾಳಿ ಬಡಿಯದ ಕೋಣೆಯಲ್ಲಿಡಿ. ಮುಚ್ಚಿಗೆಯ (ಬಾಯಿಗೆ ಬಿಗಿದ ಚರ್ಮದ) ಅಂಚನ್ನು ಸುತ್ತಲೂ ಸಮನಾಗಿ, ಒಂದರ ಎದುರು ಇನ್ನೊಂದು ಎಂಬಂತೆ ತಟ್ಟುತ್ತಾ ಏರಿಸಿ. ಒಂದೇ ಕಡೆ ತಟ್ಟಿದರೆ ನಾಲ್ಕು ಕಡೆ ನಾಲ್ಕು ಶ್ರುತಿ ಬರುತ್ತದೆ.

ಎಡಕ್ಕೆ ಹಾಕಿದ ಬೋನವನ್ನು ಬಾರಿಸಿ ಮುಗಿದ ಕೂಡಲೇ ಕೆರೆದು, ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಅನ್ನ ಮತ್ತು ಬೂದಿಯ ಆ ಮುದ್ದೆ ರಾತ್ರಿಯಿಡೀ ಉಳಿದರೆ ಬೂಸ್ಟು ಹಿಡಿಯುತ್ತದೆ, ಇಲಿ ಬಂದು ಚರ್ಮವನ್ನೂ ತಿನ್ನುತ್ತದೆ. ಹಾಗೆಯೇ (ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ) ಕಪ್ಪು ಎರಡರ ಶ್ರುತಿಗೆ ಕಟ್ಟಿದ ಮದ್ದಳೆಯನ್ನು ಅದಕ್ಕಿಂತ ಏರು ಶ್ರುತಿಯಾದ ಬಿಳಿ ಐದಕ್ಕೆ ಎಳೆಯಲು ಹೋಗಬೇಡಿ. ಬಾರು ಹರಿಯುತ್ತದೆ, ಇಲ್ಲವೇ ಮುಚ್ಚಿಗೆ ಒಡೆಯುತ್ತದೆ. ಭಾಗವತರು ಯಾರೆಂದು ತಿಳಿದುಕೊಂಡು ಅವರ ಶ್ರುತಿಗೆ ಹೊಂದುವ ಮದ್ದಳೆಯನ್ನೇ ತರಿಸಿ.

ಪ್ರಶ್ನೆ: ಊರ ಶಾಲೆಯಲ್ಲಿ ಭಾನುವಾರ ಮಕ್ಕಳಿಗೆ ಹಿಮ್ಮೇಳ ತರಗತಿ ಆರಂಭಿಸುತ್ತಿದ್ದೇವೆ. ಹತ್ತು ಮಕ್ಕಳಿದ್ದಾರೆ, ಎಲ್ಲರಿಗೂ ಚಂಡೆಯೇ ಬೇಕು! ಒಂದೇ ಚಂಡೆ ಇದೆ. – ಹೊನ್ನಾವರ

ಉತ್ತರ: ಒಂದೇ ಇರುವುದು ಒಳ್ಳೆಯದೇ ಆಯಿತು. ಮೊದಲ ಮೂರು ತಿಂಗಳು ಅದನ್ನೂ ಒಳಗಿಡಿ. ಕೈಯಲ್ಲಿ ತಾಳ, ಬಾಯಲ್ಲಿ ಲೆಕ್ಕ, ಇವು ಕೂಡಿದ ಮೇಲೆಯೇ ವಾದ್ಯ. ಏಕತಾಳದ 4 ಎಣಿಕೆಯಿಂದ ಹಿಡಿದು ರೂಪಕದ 6ಕ್ಕೆ, ನಂತರ ತ್ರಿವುಡೆಯ 7ಕ್ಕೆ ಹೋಗಿ. ತ್ರಿವುಡೆಯನ್ನು ಮೂರು–ನಾಲ್ಕು ಎಂದು ಒಡೆದು ಹೇಳಿಸಿದರೆ ಎಂಟು ವರ್ಷದ ಮಗುವಿಗೂ ಹತ್ತುತ್ತದೆ. ಝಂಪೆಯ 10 ಆಮೇಲೆ. ಪ್ರತಿಯೊಂದನ್ನೂ ಮೊದಲು ನಿಧಾನಕ್ಕೆ, ಬಳಿಕ ಅದರ ಎರಡರಷ್ಟು ವೇಗದಲ್ಲಿ, ಪುನಃ ನಿಧಾನಕ್ಕೆ ಹೇಳಿಸಿ. ವೇಗದಿಂದ ನಿಧಾನಕ್ಕೆ ಹಿಂದಿರುಗುವಾಗಲೇ ಮಕ್ಕಳು ತಪ್ಪುವುದು. ಅಲ್ಲಿ ತಪ್ಪದ ಮಗುವಿಗೆ ಕಾಲಪ್ರಮಾಣ ಕುಳಿತಿದೆ ಎಂದರ್ಥ.

ಸಾಮೂಹಿಕವಾಗಿ ಹೇಳುವಾಗ ತಪ್ಪು ಕೇಳಿಸುವುದಿಲ್ಲ. ಆದ್ದರಿಂದ ಇಬ್ಬಿಬ್ಬರನ್ನು ಕೂರಿಸಿ ಒಬ್ಬರು ತಾಳ ಹಾಕಲಿ, ಇನ್ನೊಬ್ಬರು ಪದ್ಯದ ಒಂದು ಸಾಲು ಹಾಡಲಿ, ನಂತರ ಅದಲುಬದಲು. ಮದ್ದಳೆಗಾರನಾಗುವವನಿಗೂ ಪದ್ಯ ಬಾಯಿಪಾಠ ಇರಬೇಕು. ಸಾಹಿತ್ಯ ತಿಳಿಯದೆ ಬಿಡ್ತಿಗೆ ಎಂಬ ಪೆಟ್ಟುಗಳ ಜೋಡಣೆ ಹಾಕಿದರೆ ಭಾಗವತರ ಮಾತಿನ ಮೇಲೆ ಪೆಟ್ಟು ಬೀಳುತ್ತದೆ. ಚಂಡೆಯ ಕೋಲು ಹಿಡಿಸುವ ಮುನ್ನ ಹಲಗೆಯ ಮೇಲೆ ಮಣಿಕಟ್ಟು ಪಳಗಲಿ. ತೋಳಿನಿಂದ ಹೊಡೆಯುವ ಅಭ್ಯಾಸ ಒಮ್ಮೆ ಬಂದರೆ ಬಿಡಿಸುವುದು ಬಹಳ ಕಷ್ಟ. ಇನ್ನು, ನಿಮ್ಮಲ್ಲಿರುವುದು ಬಡಗಿನ (ಉತ್ತರದ ಕಡೆಯ ಶೈಲಿಯ) ಚಂಡೆ. ಗುರುಗಳೂ ಬಡಗಿನವರೇ ಇರಲಿ. ತೆಂಕಿನ (ದಕ್ಷಿಣದ ಕಡೆಯ ಶೈಲಿಯ) ಚಂಡೆಯೂ ಬೇರೆ, ನುಡಿಸುವ ಕ್ರಮವೂ ಬೇರೆ. ಎಳೆಯ ಕೈಗೆ ಎರಡನ್ನೂ ಒಟ್ಟಿಗೆ ಕೊಟ್ಟರೆ ಒಂದೂ ಗಟ್ಟಿಯಾಗುವುದಿಲ್ಲ.

ಪ್ರಶ್ನೆ: ರಾತ್ರಿ ಎಷ್ಟು ಹೊತ್ತಿನವರೆಗೆ ಮೈಕ್ ಹಾಕಬಹುದು? – ಕಾರ್ಕಳ

ಉತ್ತರ: 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಸಾಂಸ್ಕೃತಿಕ, ಧಾರ್ಮಿಕ ಉತ್ಸವಗಳಿಗೆ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು. ಹತ್ತರೊಳಗೆ ಮುಗಿಸುವುದಾದರೂ ಹಗಲಿನ ಮೈಕಿಗೆ ಲಿಖಿತ ಅನುಮತಿ ಬೇಕು. ಅರ್ಜಿಯಲ್ಲಿ ದಿನಾಂಕ, ಸ್ಥಳ, ಆರಂಭ ಮತ್ತು ಮುಕ್ತಾಯದ ಸಮಯ ಸ್ಪಷ್ಟವಾಗಿರಲಿ. ಮೈಕ್ ನಿಲ್ಲಿಸಿದ ಮೇಲೂ ಚಾವಡಿಯಲ್ಲಿ ಐವತ್ತು ಜನರಿಗೆ ಭಾಗವತರ ಕಂಠ ಧಾರಾಳವಾಗಿ ಕೇಳುತ್ತದೆ. ಆಗ ಚಂಡೆ ಬಿಟ್ಟು ಮದ್ದಳೆ ಒಂದರಲ್ಲೇ ನಡೆಸಿ.