ಎಳೆ ಪಿಚರ್‌ನ ಗುದ್ದಿ ಹಣ್ಣು ಮಾಡ್ಬೇಡಿ

ನಾನು ಎಸೆಯೋ ಹುಡುಗರ, ಅಂದ್ರೆ ಬೇಸ್‌ಬಾಲ್ ಪಿಚರ್‌ಗಳ ಭುಜ, ಮೊಣಕೈ ನೋಡೋ ಫಿಸಿಯೊ. ಅಮೆರಿಕದಲ್ಲಿರೋ ನಮ್ಮೋರ ಮಕ್ಳು ಬೇಸ್‌ಬಾಲ್ ಹಿಡಿದ್ಮೇಲೆ ಇನ್‌ಬಾಕ್ಸ್ ತುಂಬ ಅವೇ ಐದಾರು ಪ್ರಶ್ನೆ. ಒಂದೇ ಸಲ ಬರ್ದು ಮುಗಿಸ್ತೀನಿ. ಮೇಜರ್ಸ್ ಅಂದ್ರೆ ಟಾಪ್ ಲೀಗು, ಅದರ ಕೆಳಗಿನ ಮೆಟ್ಟಿಲುಗಳೇ ಮೈನರ್ಸ್: ಮೇಲಿಂದ ಟ್ರಿಪಲ್-ಎ, ಡಬಲ್-ಎ, ಹೈ-ಎ. ಇನಿಂಗ್ಸ್ ಅಂದ್ರೆ ಇಲ್ಲಿ ಮೂರೇ ಔಟ್, ಮ್ಯಾಚಿಗೆ 9. ಇಆರ್‌ಎ ಅಂದ್ರೇನು ಅಂತ ಮಾತ್ರ ಇನ್ಮೇಲೆ ಕೇಳ್ಬೇಡಿ, ಪ್ಲೀಸ್: 9 ಇನಿಂಗ್ಸಿಗೆ ಪಿಚರ್ ಬಿಟ್ಕೊಡೋ ರನ್ನಿನ ಸರಾಸರಿ, ಕಮ್ಮಿ ಇದ್ದಷ್ಟೂ ಒಳ್ಳೇದು.

ಟ್ರಿಪಲ್-ಎನಲ್ಲಿ ಎಲ್ರನ್ನೂ ಔಟ್ ಮಾಡ್ತಿದಾನೆ, 100 ಮೈಲಿ ಸ್ಪೀಡು, ಆದ್ರೂ ಮೇಜರ್ಸ್‌ಗೆ ಯಾಕೆ ಕರ್ಸಲ್ಲ? ದುಡ್ಡು ಉಳ್ಸೋಕೆ ತಾನೆ?

ಪ್ರತಿ ಏಪ್ರಿಲ್ ತಿಂಗಳು ಹೆಸರು ಬದಲಾಗತ್ತೆ, ಪ್ರಶ್ನೆ ಅದೇ. 2024ರಲ್ಲಿ ಪಿಟ್ಸ್‌ಬರ್ಗ್ ಟೀಮಿನ ಪಾಲ್ ಸ್ಕೀನ್ಸ್. ಟ್ರಿಪಲ್-ಎನಲ್ಲಿ 7 ಮ್ಯಾಚು, ಇಆರ್‌ಎ 0.99, 27 ಚಿಲ್ಲರೆ ಇನಿಂಗ್ಸಲ್ಲಿ 45 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕಿಗೆ ಬ್ಯಾಟರ್ ಔಟ್). ಮೇ 11ಕ್ಕೆ ಕರೆದ್ರು.

ದುಡ್ಡಿನ ಲೆಕ್ಕ ಇಲ್ಲ ಅಂತ ನಾನು ಹೇಳಲ್ಲ, ಇದೆ. ಮೇಜರ್ಸಲ್ಲಿ 172 ದಿನ ಇದ್ರೆ ಒಂದು ವರ್ಷದ ಸರ್ವಿಸ್, ಅಂಥ 6 ವರ್ಷ ಆದ್ಮೇಲೆ ಆಟಗಾರ ಸ್ವತಂತ್ರ, ಯಾವ ಟೀಮಿಗಾದ್ರೂ ಹೋಗ್ಬಹುದು. 2015ರಲ್ಲಿ ಕ್ರಿಸ್ ಬ್ರಯಂಟ್‌ಗೆ (ಪಿಚರ್ ಅಲ್ಲ, ಆದ್ರೂ ಹೇಳ್ಲೇಬೇಕು) ಸರಿಯಾಗಿ 171 ದಿನ ಬರೋ ಹಾಗೆ ಕರೆದ್ರು, ಒಂದೇ ಒಂದು ದಿನ ಕಮ್ಮಿ, ನಾಚಿಕೆ ಆಗ್ಬೇಕು. ಆದ್ರೆ ಲೀಗಿಗೂ ಆಟಗಾರರಿಗೂ 2022ರ ಒಪ್ಪಂದ ಬಂದ್ಮೇಲೆ ರೂಕಿ ಆಫ್ ದಿ ಇಯರ್ (ವರ್ಷದ ಶ್ರೇಷ್ಠ ಹೊಸಬ) ಓಟಲ್ಲಿ ಮೊದಲ ಎರಡು ಸ್ಥಾನದಲ್ಲಿ ಬಂದ್ರೆ ಪೂರ್ತಿ ವರ್ಷದ ಸರ್ವಿಸ್ ಸಿಗತ್ತೆ. ಸ್ಕೀನ್ಸ್ ಆ ಪ್ರಶಸ್ತಿನೇ ಹೊಡ್ಕೊಂಡ. ತಡ ಮಾಡಿ ಉಳ್ಸಿದ್ದೇನು? ಸೊನ್ನೆ.

ಇನ್ನೊಂದು ಗುಂಪು ಇದೆ, "ಪಾಪ ಎಳೆ ತೋಳು, ಕೆಳಗಿದ್ರೆ ಉಳಿಯತ್ತೆ" ಅನ್ನೋರು. ಮೊಣಕೈಗೆ ಸ್ಟೇಡಿಯಂ ಯಾವ್ದು ಅಂತ ಗೊತ್ತಾಗಲ್ಲ ರೀ. ಹೋಸೆ ಫರ್ನಾಂಡಿಸ್‌ನ 2013ರಲ್ಲಿ ಮಯಾಮಿ 20ನೇ ವಯಸ್ಸಿಗೆ ಹೈ-ಎಯಿಂದ ನೇರ ಮೇಲಕ್ಕೆ ಎತ್ತಿತು, ರೂಕಿ ಪ್ರಶಸ್ತಿ ಗೆದ್ದ, ಮುಂದಿನ ಮೇ ತಿಂಗಳು ಮೊಣಕೈ ಲಿಗಮೆಂಟ್ ಹರೀತು, ಟಾಮಿ ಜಾನ್ ಸರ್ಜರಿ ಆಯ್ತು (ಹರಿದ ಲಿಗಮೆಂಟ್ ಜಾಗಕ್ಕೆ ಬೇರೆ ಕಡೆಯ ಟೆಂಡನ್ ಹಾಕೋದು). ಅವಸರ ಮಾಡಿದ್ದಕ್ಕೇ ಅಂತೀರಾ? ಫಿಲಡೆಲ್ಫಿಯಾದ ಆಂಡ್ರ್ಯೂ ಪೇಂಟರ್ ಮೇಜರ್ಸಲ್ಲಿ ಒಂದು ಬಾಲೂ ಎಸೆದಿರ್ಲಿಲ್ಲ, 2023ರಲ್ಲಿ ಅವನಿಗೂ ಅದೇ ಸರ್ಜರಿ. ತೋಳು ಹೋಗೋದು ಪ್ರತಿ ಬಾಲನ್ನೂ ಜೀವ ಬಿಟ್ಟು ಎಸೆಯೋದ್ರಿಂದ, ಮೇಜರ್ ಲೀಗಿನವರೇ 2024ರ ಡಿಸೆಂಬರಲ್ಲಿ ಕೊಟ್ಟ ವರದೀಲೂ ಮುಖ್ಯ ಕಾರಣ ಅಂತ ಸ್ಪೀಡಿನ ಹುಚ್ಚನ್ನೇ ಹೇಳಿದ್ರು.

ಹಂಗಾದ್ರೆ ನೋಡ್ಬೇಕಾದ್ದೇನು? ನಾನು ಎರಡೇ ನೋಡೋದು.

ಮೊದಲ್ನೇದು, 2-0 ಹಿಂದೆ ಬಿದ್ದಾಗ, ಅಂದ್ರೆ ಎರಡು ಬಾಲ್ ಗುರಿ ತಪ್ಪಿ ಸ್ಟ್ರೈಕ್ ಒಂದೂ ಇಲ್ದಾಗ, ಏನು ಎಸೀತಾನೆ ಅನ್ನೋದು. ಒಂದ್ಸಲ ಡಬಲ್-ಎ ಮ್ಯಾಚಲ್ಲಿ ಬ್ಯಾಟರ್ ನಿಲ್ಲೋ ಹೋಮ್ ಪ್ಲೇಟ್ ಹಿಂದೆ ಕೂತಿದ್ದೆ, 20 ವರ್ಷದ ಹುಡುಗ, ಸ್ಲೈಡರ್ (ಕೊನೇಲಿ ಪಕ್ಕಕ್ಕೆ, ಕೆಳಕ್ಕೆ ತಿರುಗೋ ಬಾಲ್) ಹಾಕಿದ್ರೆ ಪ್ಲೇಟ್ ಹತ್ರ ಮಣ್ಣಿಗೆ ಬೀಳತ್ತೆ, ಎದುರಿನ ಎಳೆ ಬ್ಯಾಟರ್‌ಗಳು ಸುಮ್ನೆ ಗಾಳಿಗೆ ಬೀಸ್ತಾರೆ, ಜನ ಎದ್ದು ನಿಂತು ಕೂಗ್ತಾರೆ. ನಾಲ್ಕನೇ ಇನಿಂಗ್ಸಲ್ಲಿ ಮೇಜರ್ಸ್ ನೋಡಿ ಬಂದ ಒಬ್ಬ ಹಳೇ ಹುಲಿ ಬಂದ. ಅದೇ ಸ್ಲೈಡರ್, ಭುಜದ ಮೇಲಿನ ಬ್ಯಾಟ್ ಅಲ್ಲಾಡ್ಲೇ ಇಲ್ಲ. ಇನ್ನೊಂದು, ಆಗ್ಲೂ ಇಲ್ಲ. 2-0. ಹುಡುಗ ಕ್ಯಾಪ್ ತೆಗ್ದು ಹಣೆ ಒರೆಸ್ಕೊಂಡ, ಚೇಂಜಪ್ (ಫಾಸ್ಟ್‌ಬಾಲ್ ಥರ ಕಂಡು ನಿಧಾನ ಬರೋದು) ಮೇಲೆ ನಂಬಿಕೆ ಇಲ್ಲ, ನೆಟ್ಟಗೆ ಒಂದು ಫಾಸ್ಟ್‌ಬಾಲ್ ಹಾಕ್ದ, 98 ಮೈಲಿ. ಅದು ಎಲ್ಲಿ ಬಿತ್ತೋ ನಾನು ನೋಡ್ಲಿಲ್ಲ, ಪಾರ್ಕಿಂಗ್ ಲಾಟ್ ಕಡೆ ಹೋಯ್ತು. ಮೇಜರ್ಸಲ್ಲಿ ಬಹುಪಾಲು ಬ್ಯಾಟರ್‌ಗಳು ಆ ಹಳೇ ಹುಲಿ ಥರಾನೇ ನಿಲ್ತಾರೆ.

ಎರಡ್ನೇದು, ಮತ್ತೆ ಎಸೆಯೋಕೆ ಎಷ್ಟು ದಿನಕ್ಕೆ ರೆಡಿ ಆಗ್ತಾನೆ. ಮೈನರ್ಸಲ್ಲಿ ವಾರಕ್ಕೆ 6 ಮ್ಯಾಚು, ಸೋಮವಾರ ರಜ, ಹಂಗಾಗಿ ಹುಡುಗರು ಹೆಚ್ಚಾಗಿ ವಾರಕ್ಕೊಂದ್ಸಲ ಎಸೀತಾರೆ, ಕಾಲೇಜಲ್ಲೂ ಅಷ್ಟೆ. ಮೇಲೆ ಐದು-ಆರು ದಿನಕ್ಕೊಮ್ಮೆ. ಸ್ಕೀನ್ಸ್‌ಗೆ ಏಪ್ರಿಲ್ ಶುರುವಲ್ಲಿ ಮೂರು ಚಿಲ್ಲರೆ ಇನಿಂಗ್ಸ್ ಕೊಟ್ಟು ಹೊರಗೆ ಕೂರಿಸ್ತಿದ್ದಾಗ ಎಲ್ರೂ ಬೈದ್ರು, ನಂಗೆ ಅದು ಸರಿ ಅನ್ನಿಸ್ತು. ಮೇಲೆ ಬಂದ್ಮೇಲೂ ಲಗಾಮು ಬಿಡ್ಲಿಲ್ಲ, ಜುಲೈಲಿ ಮಿಲ್ವಾಕೀಲಿ 7 ಇನಿಂಗ್ಸ್ ಒಂದೂ ಹಿಟ್ ಕೊಡದೆ ಎಸೀತಿದ್ದೋನ್ನ 99 ಬಾಲಿಗೆ ಹೊರಗೆ ಕೂರಿಸಿದ್ರು. ವರ್ಷದ ಕೊನೆಗೆ 133 ಇನಿಂಗ್ಸ್, ಇಆರ್‌ಎ 1.96.

ಇದಕ್ಕೆ ತದ್ವಿರುದ್ಧ ಬೇಕಾ? 1973, ಟೆಕ್ಸಸ್ ರೇಂಜರ್ಸ್. ಗೇಟ್ ಕಲೆಕ್ಷನ್ ಇಲ್ದೆ ಒದ್ದಾಡ್ತಿದ್ದ ಮಾಲೀಕ ಬಾಬ್ ಶಾರ್ಟ್, ಆಗಷ್ಟೇ ಹೈಸ್ಕೂಲ್ ಮುಗಿಸಿದ್ದ 18 ವರ್ಷದ ಡೇವಿಡ್ ಕ್ಲೈಡ್‌ನ ಜೂನ್ 27ಕ್ಕೆ ಮೈದಾನಕ್ಕಿಳಿಸ್ದ. ಸ್ಟೇಡಿಯಂ ತುಂಬಿ ತುಳುಕ್ತು. 5 ಇನಿಂಗ್ಸಲ್ಲಿ ಒಂದೇ ಹಿಟ್ಟು, 8 ಸ್ಟ್ರೈಕ್‌ಔಟು, ಗೆದ್ದೂಬಿಟ್ಟ. ಆದ್ರೆ 7 ವಾಕ್ (ನಾಲ್ಕು ಬಾಲ್ ಗುರಿ ತಪ್ಪಿ ಬ್ಯಾಟರ್‌ಗೆ ಬಿಟ್ಟಿ ಬೇಸ್ ಕೊಡೋದು)! ಯಾರೂ ಅದನ್ನ ನೋಡ್ಲಿಲ್ಲ. ಎರಡು ಮ್ಯಾಚ್ ಆಡ್ಸಿ ಮೈನರ್ಸ್‌ಗೆ ಕಳಿಸ್ತೀವಿ ಅಂದಿದ್ರು, ಟಿಕೆಟ್ ಖರ್ಚಾಗ್ತಿತ್ತಲ್ಲ, ವರ್ಷ ಪೂರ್ತಿ ಇಟ್ಕೊಂಡ್ರು. ಒಟ್ಟು 18 ಗೆಲುವು, 33 ಸೋಲು, 24ನೇ ವಯಸ್ಸಿಗೆ ಮೇಜರ್ಸ್ ಮುಗೀತು. ಎಳೆ ಕರುಗೆ ನೊಗ ಹೂಡೋದು ಅಂದ್ರೆ ಇದು.

25 ವರ್ಷದೊಳಗಿನೋರಿಗೆ ಹೋದ ವರ್ಷಕ್ಕಿಂತ 30 ಇನಿಂಗ್ಸ್ ಜಾಸ್ತಿ ಆದ್ರೆ ತೋಳು ಹೋಗತ್ತಂತೆ?

30ನೇದಕ್ಕೆ ಸರಿ, 31ನೇದಕ್ಕೆ ಢಮಾರ್? ಆಮೇಲೆ ಲೆಕ್ಕ ಹಾಕಿ ನೋಡಿದೋರಿಗೆ ಅಂಥ ಗೆರೆ ಸಿಗ್ಲಿಲ್ಲ. ಬಿಡಿ.

ಟಾಮಿ ಜಾನ್ ಸರ್ಜರಿ ಮಾಡಿಸಿದ್ರೆ ಸ್ಪೀಡ್ ಜಾಸ್ತಿ ಆಗತ್ತಂತೆ, ಮಗನಿಗೆ ಈಗ್ಲೇ ಮಾಡಿಸ್ಲಾ?

ಲಿಗಮೆಂಟ್ ಚೆನ್ನಾಗಿರೋ ಹುಡುಗನ ಕೈ ಕುಯ್ಸೋಕೆ ಹೊರಟಿದೀರಾ! ಸ್ಪೀಡ್ ಬಂದ್ರೆ ಅದು ಸರ್ಜರಿ ಆದ್ಮೇಲಿನ ಆ ಒಂದು ವರ್ಷ ಜಿಮ್ಮಲ್ಲಿ ಮೈ ಮುರಿದಿದ್ದಕ್ಕೆ, ಕತ್ತರಿಗಲ್ಲ.

ಆನ್‌ಲೈನ್ ಕೋಚ್ ಒಬ್ರು ಭಾರದ ಬಾಲಿಂದ 6 ವಾರಕ್ಕೆ 10 ಮೈಲಿ ಗ್ಯಾರಂಟಿ ಅಂತಾರೆ.

ಗ್ಯಾರಂಟಿ ಮಿಕ್ಸಿಗೆ ಕೊಡ್ತಾರೆ, ಮೊಣಕೈಗಲ್ಲ. ಹುಡುಗನ್ನ ಮುಟ್ಟಿ ನೋಡ್ದೆ ಪ್ಲಾನ್ ಮಾರೋನು ಕೋಚ್ ಅಲ್ಲ, ಸಂತೇಲಿ ಎಣ್ಣೆ ಮಾರೋನು.

ನಮ್ಮ ಫಾಸ್ಟ್ ಬೌಲರ್‌ಗಳ್ನ ಪಿಚರ್ ಮಾಡ್ಬಹುದಲ್ವಾ?

ಕ್ರಿಕೆಟಲ್ಲಿ ಮೊಣಕೈ ಬಿಚ್ಚಿ ಎಸೆದ್ರೆ ನೋಬಾಲ್, ಇಲ್ಲಿ ಆಟವೇ ಅದು. 2008ರಲ್ಲಿ ಪಿಟ್ಸ್‌ಬರ್ಗ್ ಸಹಿ ಹಾಕಿಸ್ಕೊಂಡ ರಿಂಕು ಸಿಂಗ್, ದಿನೇಶ್ ಪಟೇಲ್ ಕೂಡ ಜಾವೆಲಿನ್ ಎಸೀತಿದ್ದೋರು, ಬೌಲರ್‌ಗಳಲ್ಲ. ಅವ್ರೂ ಮೇಜರ್ಸ್ ಮುಟ್ಲಿಲ್ಲ.

ಮಗನಿಗೆ 13 ವರ್ಷ, ಶನಿವಾರ 70 ಬಾಲ್ ಎಸೆದ, ಭಾನುವಾರ ಇನ್ನೊಂದು ಟೀಮಿಗೆ ಎಸೀಬಹುದಾ? ದಿನಕ್ಕೆ 95ರ ತನಕ ಓಕೆ ಅಲ್ವಾ?

ಆ 95 ಇರೋ ಪಟ್ಟೀಲೇ (ಮೇಜರ್ ಲೀಗಿನ ಪಿಚ್ ಸ್ಮಾರ್ಟ್, ಯಾವ ವಯಸ್ಸಿಗೆ ಎಷ್ಟು ಬಾಲ್ ಅಂತ ಹೇಳೋದು) ಪಕ್ಕದ ಕಾಲಂ ಓದಿ. 66 ಮುಟ್ಟಿದ್ರೆ 4 ದಿನ ರೆಸ್ಟ್. ಕೈಗೆ ಟೀಮ್ ಎರಡು ಅಂತ ಗೊತ್ತಿಲ್ಲ. ಭಾನುವಾರ ಬೇರೆಯೋರ ಮಗ ಎಸೀಲಿ.