ಪ್ರ: ಮಕ್ಕಳೊಂದಿಗೆ ಗಾಳ ಹಾಕಲು ಬೇಸಿಗೆಯೋ, ಮಳೆಗಾಲವೋ?

ಕೊಪ್ಪಳಕ್ಕೆ ಹೊಸದಾಗಿ ಬಂದಿದ್ದೀರಿ, ತುಂಗಭದ್ರಾ ಹಿನ್ನೀರಿಗೆ ಮಕ್ಕಳನ್ನು ಯಾವಾಗ ಕರೆದೊಯ್ಯಬೇಕು ಎಂದು ಕೇಳಿದ್ದೀರಿ. ನನ್ನನ್ನು ಕೇಳಿದರೆ ಎರಡೂ ಬೇಡ, ಡಿಸೆಂಬರ್ ಬರಲಿ.

ಏಪ್ರಿಲ್ ಹೊತ್ತಿಗೆ ನೀರು ಹಿಂದೆ ಸರಿದು, ದಡವೆಲ್ಲ ಬಿರುಕುಬಿಟ್ಟ ಕೆಸರಾಗಿರುತ್ತದೆ. ಮೇಲೆ ಒಣಗಿದಂತೆ ಕಂಡರೂ ಒಳಗೆ ಮೊಣಕಾಲುದ್ದ ಹೂಳು. ನನ್ನ ತಮ್ಮನ ಒಂದು ಚಪ್ಪಲಿ ಇಂದಿಗೂ ಅಲ್ಲೇ ಇದೆ. ಮಳೆಗಾಲದಲ್ಲಿ ಮೀನು ಮೊಟ್ಟೆಯಿಡುವ ಕಾಲ, ನೀರೂ ರಾಡಿ. ಅಣೆಕಟ್ಟೆಯ ಕೆಳಗಿನ ಹೊಳೆಗಂತೂ ಇಳಿಯಲೇಬೇಡಿ, ಗೇಟು ತೆರೆದರೆ ನೀರು ಏರಲು ಹೊತ್ತು ಬೇಕಿಲ್ಲ. ಮೇಲಾಗಿ ಮುದ್ಲಾಪುರದಿಂದ ಕಂಪ್ಲಿಯವರೆಗಿನ ಹೊಳೆ 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶ.

ಡಿಸೆಂಬರ್‌ನಲ್ಲಿ ಬೆಳಗಿನ ಬಿಸಿಲು ಹಿತವಾಗಿರುತ್ತದೆ. ಜೋಳದ ಹಿಟ್ಟಿಗೆ ಸ್ವಲ್ಪ ಬೆಲ್ಲ ಸೇರಿಸಿ ಬಿಗಿಯಾಗಿ ಕಲಸಿ, ಕಡಲೆಕಾಳಿನಷ್ಟು ಉಂಡೆ ಮಾಡಿ ಕೊಕ್ಕೆಗೆ ಚುಚ್ಚಿ. ದಾರಕ್ಕೆ ಕಟ್ಟಿ ನೀರಮೇಲೆ ತೇಲಿಬಿಟ್ಟ ಬೆಂಡು ಮೊದಲು ಸುಮ್ಮನೆ ನಡುಗುತ್ತದೆ. ಅದು ಸಣ್ಣ ಮೀನಿನ ಚೇಷ್ಟೆ, ಎಳೆಯಬೇಡಿ. ಓರೆಯಾಗಿ ಮುಳುಗಿದಾಗ ಎಳೆಯಿರಿ. ಮಕ್ಕಳಿಗೆ ಈ ತಾಳ್ಮೆ ಇರುವುದಿಲ್ಲ, ರೊಟ್ಟಿ-ಶೇಂಗಾ ಚಟ್ನಿ ಧಾರಾಳವಾಗಿ ಕಟ್ಟಿಕೊಳ್ಳಿ.

ಹೋಗುವ ಮೊದಲು ದಡದ ಮೀನುಗಾರರನ್ನು ಒಂದು ಮಾತು ಕೇಳಿ. ಅವರ ಬಲೆ ಇರುವ ಕಡೆ ಗಾಳ ಎಸೆದರೆ ಜಗಳ ಗ್ಯಾರಂಟಿ.